ಹೊಟ್ಟೆಯ ತಾಲೀಮು

ನವೆಂಬರ್ ೨೪, ರವಿವಾರ

ಮುದ್ದೇಬಿಹಾಳದ ಕಾಲೇಜಿನಲ್ಲಿ ಗಣಿತ ಕಲಿಸುವ, ನಾಲ್ಕು ಜನರ ಮುಂದೆ ಆಕಳಿಸುವುದಕ್ಕೂ ನಾಚುವ ಮೃಣಾಲಿನಿ ಮೇಡಂ ಇವತ್ತು ಗುಡ್ಡದ ಓಟದಲ್ಲಿ ಒಂದು ಕಳ್ಳಿ ಸಾಲಿನ ಹಿಂದೆ ಕೂತು... ಇಲ್ಲ, ಬರೆಯುವುದಿಲ್ಲ. ದಿನಚರಿಗೂ ಒಂದು ಮಾನ ಮರ್ಯಾದೆ ಇರುತ್ತದೆ. ‘ಅದು’ ಆಯಿತು ಎಂದಷ್ಟೇ ಬರೆಯುತ್ತೇನೆ. ಮೇಲಿನಿಂದಲೂ ಆಯಿತು, ಕೆಳಗಿನಿಂದಲೂ ಆಯಿತು. ಐವತ್ತು ಕಿಲೋಮೀಟರಿನ ಓಟದಲ್ಲಿ ಮೂವತ್ತೈದಕ್ಕೆ ನನ್ನ ಕಥೆ ಮುಗಿಯಿತು.

ಸಿಟ್ಟು ಯಾಕೆಂದರೆ, ಕಾಲಿಗೆ ಏನೂ ಆಗಿರಲಿಲ್ಲ. ಉಸಿರೂ ಚೆನ್ನಾಗಿತ್ತು. ಹೊಟ್ಟೆಯೊಂದೇ ಮುಷ್ಕರ ಹೂಡಿತು. ಓಟಗಾರರು ದಾರಿಯಲ್ಲಿ ಚೀಪುವ ಆ ಜೆಲ್ ಇದೆಯಲ್ಲ, ಪಾಕ ಕೆಟ್ಟ ಬೂಂದಿಯ ತಳದಲ್ಲಿ ಉಳಿದದ್ದನ್ನು ಪಾಕೀಟಿಗೆ ತುಂಬಿದ ಹಾಗಿರುತ್ತದೆ. ಮೂರನೆಯದು ಬಾಯಿಗೆ ಹೋಗಿದ್ದೇ ತಡ, ಮೊದಲಿನ ಎರಡನ್ನೂ ಕರೆದುಕೊಂಡು ವಾಪಸ್ ಬಂತು.

ಎರಡು ವರ್ಷದ ಹಿಂದೆ ಡಾಕ್ಟರು ‘ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ನಡೆಯಿರಿ’ ಅಂದರು. ನಡೆದೆ. ನಮ್ಮ ಕಾಲೇಜಿನ ಲೈಬ್ರರಿಯನ್ ಪ್ರಜ್ಞಾ ಮೈದಾನದಲ್ಲಿ ಓಡುವುದನ್ನು ನೋಡಿ ನಾನೂ ಓಡಿದೆ. ಆಮೇಲೆ ನಿಲ್ಲಿಸುವುದು ಹೇಗೆ ಅನ್ನುವುದೇ ಮರೆತುಹೋಯಿತು. ಮುಂಜಾನೆ ಕಪ್ಪು ಮಣ್ಣಿನ ಎರಿ ಹೊಲದ ನಡುವೆ ಓಡುವಾಗ ಎಂಥ ಹುಚ್ಚು ಸಂತೋಷವಾಗುತ್ತದೆಂದರೆ, ಮೂವತ್ತೊಂಬತ್ತು ದಾಟಿದ ಹೆಂಗಸು ನಾನು ಒಮ್ಮೊಮ್ಮೆ ಸುಮ್ಮಸುಮ್ಮನೆ ಕೂಗಿಬಿಡುತ್ತೇನೆ.

ಪ್ರಜ್ಞಾ ಇವತ್ತು ಹೆಂಗಸರಲ್ಲಿ ಎರಡನೆಯವಳಾಗಿ ಮುಗಿಸಿ, ಕೈಯಲ್ಲಿ ಮಿರ್ಚಿ ಭಜಿ ಹಿಡಿದುಕೊಂಡು ನನ್ನನ್ನು ಹುಡುಕುತ್ತ ಬಂದಳು. ಅವಳದು ಹೊಟ್ಟೆಯಲ್ಲ, ಬೀಸುವ ಕಲ್ಲು.

“ಮೇಡಂ, ಫೆಬ್ರವರಿದಾಗ ಜೋಡಿ ಓಟ ಐತ್ರಿ. ಎಪ್ಪತ್ತೈದ ಕಿಲೋಮೀಟರ್. ನಿಮ್ಮ ಹೆಸರ, ನನ್ನ ಹೆಸರ ಎರಡೂ ಕೊಟ್ಟಬಿಟ್ಟೇನಿ.”

“ಯಾವಾಗ ಕೊಟ್ಟಿ?”

“ನೀವು ಕಳ್ಳಿ ಹಿಂದ ಇದ್ದಾಗ್ರಿ.”

ಜೋಡಿ ಓಟ ಅಂದರೆ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು. ಇಬ್ಬರೂ ಕೂಡಿಯೇ ಗೆರೆ ದಾಟಬೇಕು. ಒಬ್ಬಳು ಕೂತರೆ ಇನ್ನೊಬ್ಬಳೂ ಹೊರಗೆ. ಬೈಯಬೇಕೆಂದು ಬಾಯಿ ತೆರೆದವಳು ನಕ್ಕುಬಿಟ್ಟೆ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಇಬ್ಬರೂ ನಗುತ್ತಲೇ ಇದ್ದೆವು.


ಡಿಸೆಂಬರ್ ೮, ರವಿವಾರ

ಲೈಬ್ರರಿಯಲ್ಲಿ ಕೂತು ಓಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಪ್ರಜ್ಞಾ ಫರ್ಮಾನು ಹೊರಡಿಸಿದ್ದಾಳೆ: ಕಾಲಿಗೆ ತಾಲೀಮು ಕೊಟ್ಟ ಹಾಗೆ ಹೊಟ್ಟೆಗೂ ಕೊಡಬೇಕು. ಓಡುವಾಗ ರಕ್ತವೆಲ್ಲ ಕಾಲಿನ ಕಡೆ ಹೋಗಿ ಹೊಟ್ಟೆ ಒಣಗಿ ಕೂತಿರುತ್ತದಂತೆ. ಆಗ ಒಮ್ಮೆಲೇ ತುಂಬಿದರೆ ಸಿಟ್ಟಿಗೇಳುತ್ತದೆ. ಅದಕ್ಕೆ ಓಡುತ್ತಲೇ ಸ್ವಲ್ಪ ಸ್ವಲ್ಪ ತಿನ್ನುವುದು ರೂಢಿಯಾಗಬೇಕು. ತಿನ್ನು, ಓಡು, ಬಂದರೆ ಬರಲಿ, ಮತ್ತೆ ತಿನ್ನು.

ಕಾಲುವೆ ದಂಡೆಯ ಮೇಲೆ ಪ್ರಯೋಗ ನಡೆದಿದೆ. ಬಾಳೆಹಣ್ಣು ಪರವಾಗಿಲ್ಲ. ಪೇಡೆ ಗಂಟಲಲ್ಲೇ ಮನೆ ಮಾಡಿತು. ಓಡುತ್ತ ಚುರಮುರಿ ತಿನ್ನುವವರು ಮೂರ್ಖರು. ಒಂದು ಕಾಳು ಮೂಗಿಗೆ ಏರಿ ನಾನು ದಂಡೆಯ ಮೇಲೆ ಸೀನುತ್ತ ಕುಣಿಯುವಾಗ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕ ಗಾಬರಿಯಾಗಿ ನಿಂತ.

“ಯಾರರೆ ಬೆನ್ನ ಹತ್ಯಾರೇನ್ ಯವ್ವಾ?”

“ಹೊಟ್ಟಿ ಬೆನ್ನ ಹತ್ತೈತಿ ಯಜ್ಜಾ!” ಅಂದಳು ಪ್ರಜ್ಞಾ.

ಮನೆಯಲ್ಲಿ ಅತ್ಯಾ ಓಂಕಾಳು, ಹಿಂಗು, ಬಿಸಿನೀರು ಎಲ್ಲಾ ಕೊಟ್ಟು ನೋಡುತ್ತಿದ್ದಾರೆ. ನಮ್ಮ ಅತ್ತೆ ವೆಂಕೂಬಾಯಿಯವರ ಮಡಿ, ಏಕಾದಶಿ, ಪಂಚಾಂಗ ಯಾವುದೂ ಒಂದು ದಿನ ತಪ್ಪಿದ್ದಿಲ್ಲ. “ದೇವರು ಕಾಲು ಕೊಟ್ಟದ್ದು ನಡೀಲಿಕ್ಕೆ” ಅನ್ನುತ್ತಾರೆ, ಅಂದು ಕಷಾಯ ಕುದಿಸುತ್ತಾರೆ. ನಮ್ಮ ಮನೆಯವರದು ಸಿಂದಗಿಯಲ್ಲಿ ನೌಕರಿ, ಶನಿವಾರ ಬರುತ್ತಾರೆ. ನಿನ್ನೆ ಬರುವಾಗ ಇಂಡಿ ಊರಿನ ತಮ್ಮ ಗೆಳೆಯನ ತೋಟದ ನಿಂಬೆಹಣ್ಣು ಒಂದು ಚೀಲ ತಂದು, “ಹೊಟ್ಟಿಗೆ ಇದರಷ್ಟು ಛಲೋದು ಯಾವುದೂ ಇಲ್ಲ” ಅಂದರು. ಈಗ ಮನೆಯಲ್ಲಿ ಎಲ್ಲಿ ಕೈ ಹಾಕಿದರೂ ನಿಂಬೆ. ಗೆಳೆಯ ಪುಕ್ಕಟೆ ಕೊಟ್ಟ ಅಂತ ನನ್ನ ಹೊಟ್ಟೆ ಹುಳಿ ಹಿಡಿಯಬೇಕೇ?


ಡಿಸೆಂಬರ್ ೩೦, ಸೋಮವಾರ, ಎಳ್ಳ ಅಮಾವಾಸ್ಯೆ

ಎಳ್ಳಮಾಸಿಯ ದಿನ ಓಟಕ್ಕೆ ಹೋಗಬಾರದು ಅಂತ ಯಾರಾದರೂ ಕಾಯಿದೆ ಮಾಡಬೇಕು! ಊರಿಗೆ ಊರೇ ಹೊಲದಲ್ಲಿ. ಎತ್ತರಕ್ಕೆ ನಿಂತ ಜೋಳದ ನಡುವೆ ಸೀರೆ ಬಣ್ಣ, ಬುತ್ತಿ ಬುಟ್ಟಿ, ಭೂಮಿಗೆ ಎಡೆಯ ಚರಗ ಚೆಲ್ಲುವವರ ಕೂಗು. ಇವತ್ತು ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸದಿದ್ದರೆ ಭೂಮಿತಾಯಿ ಮುನಿಯುತ್ತಾಳೆ ಅನ್ನುವ ಜನ ನಮ್ಮವರು. ಅಂಥದ್ದರಲ್ಲಿ ಇಬ್ಬರು ಹೆಂಗಸರು ಬೆವರು ಸುರಿಸುತ್ತ ಓಡುತ್ತಿದ್ದರೆ ಬಿಡುತ್ತಾರೆಯೇ? “ಏ ಯವ್ವಾ, ಒಂದ ತುತ್ತ ತಿಂದ ಓಡ್ರೆವಾ!”

ಪ್ರಜ್ಞಾ ಒಂದು ಹೊಲವನ್ನೂ ಬಿಡಲಿಲ್ಲ. ಸಜ್ಜಿ ರೊಟ್ಟಿ ಇಲ್ಲಿ, ಎಣ್ಣೆಗಾಯಿ ಅಲ್ಲಿ, ಶೇಂಗಾ ಹೋಳಿಗೆ ಕೈಯಲ್ಲಿ. ನಾನು ಎಲ್ಲಾ ಕಡೆ ನಮ್ಮ ಮನೆತನದ ವಾಕ್ಯ ಹೇಳುತ್ತ ಹೋದೆ: “ಹೊಟ್ಟಿ ಸರಿ ಇಲ್ರಿ.” ಲಗ್ನವಾದ ವರ್ಷ ಅತ್ಯಾ ಕಲಿಸಿದ್ದು ಇದು. ಯಾರದಾದರೂ ಮನೆಯಲ್ಲಿ ತಿನ್ನಲು ಕೊಟ್ಟರೆ ‘ನಾವು ತಿನ್ನೂದಿಲ್ಲ’ ಅನ್ನಬಾರದು, ಒರಟಾಗುತ್ತದೆ. ‘ಹೊಟ್ಟಿ ಸರಿ ಇಲ್ಲ’ ಅಂದರೆ ಮುಗಿಯಿತು. ಅವರಿಗೂ ಬೇಜಾರಿಲ್ಲ, ನಮಗೂ ಸಂಕಟವಿಲ್ಲ. ಇಷ್ಟು ವರ್ಷ ಎಲ್ಲಿಯೂ ಕೈ ಕೊಟ್ಟಿಲ್ಲ.

ಕೊನೆಗೆ ಪ್ರಜ್ಞಾಳ ಹೊಲಕ್ಕೇ ಬಂದೆವು. ಅವಳ ಅಪ್ಪ ಯಂಕಪ್ಪ ಜೋಳದ ತೆನೆಯಷ್ಟೇ ನೆಟ್ಟಗಿನ ಮನುಷ್ಯ. ಬೌದ್ಧರಾಗಿ ನಲವತ್ತು ವರ್ಷವಾಯಿತಂತೆ. “ನೀವೂ ಎಳ್ಳಮಾಸಿ ಮಾಡ್ತೀರೇನು?” ಅಂತ ಕೇಳಿದೆ.

“ಪೂಜಿ ಬಿಟ್ಟೇವ್ರಿ ಬಾಯಾರ. ಉಣ್ಣೂದ ಬಿಟ್ಟಿಲ್ಲ” ಅಂದು ಹೊಲವೆಲ್ಲ ಕೇಳುವ ಹಾಗೆ ನಕ್ಕರು.

ಅವಳ ಅವ್ವ ಗುಂಡವ್ವ ಕೈ ತೊಳೆದುಕೊಂಡು ಹೋಳಿಗೆಗೆ ತುಪ್ಪ ಹಾಕಿ ತಂದರು. “ಒಂದ ಹೋಳಿಗಿ ತಗೋರಿ ಬಾಯಾರ. ನಮ್ಮ ಪ್ರಜ್ಞಾ ದಿನಾ ನಿಮ್ಮ ಸುದ್ದೀನ ಹೇಳ್ತಾಳ.”

“ಹೊಟ್ಟಿ ಸರಿ ಇಲ್ರಿ, ತಪ್ಪ ತಿಳೀಬ್ಯಾಡ್ರಿ.”

“ಹೌದ್ರೇನು? ಇರಲಿ ಬಿಡ್ರಿ” ಅಂದು ತಾಟಿನ ಮೇಲೆ ಸೆರಗು ಮುಚ್ಚಿದರು.

ಅಲ್ಲಿಂದ ಒಂದೆರಡು ಕಿಲೋಮೀಟರ್ ಹೋದ ಮೇಲೆ ನನಗೆ ಹಸಿವಾಯಿತು, ಚೀಲದಿಂದ ಚಿಕ್ಕಿ ತೆಗೆದು ತಿಂದೆ. ಚೆನ್ನಾಗಿ ಹಿಡಿಯಿತು. ಪ್ರಜ್ಞಾ ಒಮ್ಮೆ ನೋಡಿದಳು, ಆಮೇಲೆ ಮನೆಯವರೆಗೂ ಮಾತಾಡಲಿಲ್ಲ. ಪಾಪ, ಅಷ್ಟೊಂದು ಹೋಳಿಗೆ ಹೊಡೆದರೆ ಮಾತಿಗೆ ಜಾಗ ಎಲ್ಲಿಂದ ಬರಬೇಕು!


ಜನವರಿ ೩, ಶುಕ್ರವಾರ

ಮೂರು ದಿನ ಪ್ರಜ್ಞಾ ಓಟಕ್ಕೆ ಬರಲಿಲ್ಲ. ಇವತ್ತು ಲೈಬ್ರರಿಗೇ ಹೋಗಿ ಕೇಳಿದೆ. ಪುಸ್ತಕಕ್ಕೆ ಠಸ್ಸೆ ಹೊಡೆಯುತ್ತಲೇ ಅಂದಳು:

“ಒಂದ ಮಾತ ಕೇಳ್ತೇನ್ರಿ ಮೇಡಂ. ನಮ್ಮ ಬದುವಿಗೆ ಕಾಲ ಇಟ್ಟ ಕೂಡ್ಲೇನ ಕೆಡಬೇಕಂತ ನಿಮ್ಮ ಹೊಟ್ಟಿಗೆ ಹೆಂಗ ಗೊತ್ತಾತ್ರಿ?”

“ಹಂಗಲ್ಲ ಪ್ರಜ್ಞಾ. ಅದು ನಮ್ಮಲ್ಲೆ ರೂಢಿ.”

“ಗೊತ್ತೈತ್ರಿ. ಕೇಳಿ ಕೇಳಿ ನಮಗೂ ರೂಢಿ ಆಗೈತಿ.”

ಎಷ್ಟು ಸಣ್ಣ ಮಾತಿಗೆ ಎಷ್ಟು ಸಿಟ್ಟು! ನಾನೇನು ಅವಳೊಬ್ಬಳ ಮನೆಯವರಿಗೇ ಅಂದೆನೇ? ಎಲ್ಲಾ ಹೊಲದಲ್ಲೂ ಅಂದೆ, ಎಲ್ಲರಿಗೂ ಅನ್ನುತ್ತೇನೆ. ಹೀಗೆ ಬರೆದ ಮೇಲೆ ಓದಿ ನೋಡಿದರೆ, ಅದೇನು ಅಂಥ ಹೆಮ್ಮೆಯ ಮಾತಾಗಿ ಕಾಣುತ್ತಿಲ್ಲ. ಊಟ ಸೇರಲಿಲ್ಲ. ಇದನ್ನು ಯಾರಿಗೆ ಹೇಳಲಿ?


ಜನವರಿ ೮, ಬುಧವಾರ

ಒಬ್ಬಳೇ ಓಡಿದೆ. ಓಟವಲ್ಲ ಅದು, ಸಾಮಾನು ಸಾಗಿಸಿದ ಹಾಗಿತ್ತು.


ಜನವರಿ ೧೨, ರವಿವಾರ

ಬಂದಳು! ಮುಂಜಾನೆ ಕಾಲುವೆ ದಂಡೆಗೆ ನಾನು ಹೋಗುವ ಮೊದಲೇ ಬಂದು ಬೂಟಿನ ದಾರ ಕಟ್ಟುತ್ತಿದ್ದಳು. ನನಗೆ ಓಡಿ ಹೋಗಿ ಅಪ್ಪಿಕೊಳ್ಳಬೇಕು ಅನ್ನಿಸಿತು, ಅವಳ ಮುಖ ನೋಡಿ ಧೈರ್ಯ ಸಾಲಲಿಲ್ಲ.

“ಹೆಸರ ಕೊಟ್ಟೇನಿ, ಓಡ್ತೇನಿ. ಒಂದ ಶರ್ತ ಐತ್ರಿ. ಐವತ್ತೆರಡನೇ ಕಿಲೋಮೀಟರ್ ನಮ್ಮೂರಾಗ ಬರ್ತೈತಿ. ಓಟಗಾರರಿಗೆ ಅಲ್ಲಿ ಊಟದ ಜವಾಬ್ದಾರಿ ನಮ್ಮವ್ವ ತಗೊಂಡಾಳ. ಅಲ್ಲಿ ಬಂದು ನಮ್ಮವ್ವಗ ನೀವು ಇನ್ನೊಮ್ಮೆ ಆ ಮಾತ ಅಂದ್ರ, ನಾ ಅಲ್ಲೇ ಬೂಟ್ ಬಿಚ್ಚಿ ಕುಂದರ್ತೇನಿ. ಆಮ್ಯಾಲ ಜೋಡೀನೂ ಇಲ್ಲ, ಓಟಾನೂ ಇಲ್ಲ.”

“ಅನ್ನೂದಿಲ್ಲ” ಅಂದೆ. ಅಂದುಬಿಟ್ಟೆ.

ಮನೆಗೆ ಬಂದ ಮೇಲೆ ಲೆಕ್ಕ ಹೊಳೆಯಿತು. ದೇವರೇ! ನನ್ನ ಹೊಟ್ಟೆ ಮೂವತ್ತೈದಕ್ಕೇ ಅಂಗಡಿ ಮುಚ್ಚುತ್ತದೆ. ಐವತ್ತೆರಡಕ್ಕೆ ಹೋಗಿ ಮುಟ್ಟುವಾಗ ಅದು ಖಂಡಿತವಾಗಿಯೂ ಸರಿ ಇರುವುದಿಲ್ಲ, ಆದರೆ ಸರಿ ಇಲ್ಲ ಅಂತ ಬಾಯಿಬಿಡುವ ಹಾಗಿಲ್ಲ. ಗೆಳತಿ ಬೇಕಾದರೆ ಅಲ್ಲಿ ಕೂತು ಉಣ್ಣಬೇಕು, ಅಷ್ಟೇ.

ಅತ್ಯಾಗೆ ಹೇಳಿದೆ. ಅವರು ಮಂಗಳಾರತಿ ತಟ್ಟೆ ಒರೆಸುತ್ತ, “ಹೊಟ್ಟಿ ಸರಿ ಇಲ್ಲ ಅಂದುಬಿಡು, ಅಷ್ಟ” ಅಂದರು.

“ಖರೇನ ಸರಿ ಇರಂಗಿಲ್ಲ ಅತ್ಯಾ!”

“ಮತ್ತೇನು, ಛಲೋನ ಆತಲ್ಲ. ಸುಳ್ಳು ಹೇಳಿದ ಪಾಪಾನೂ ಇಲ್ಲ.”

ಈ ಮನೆಯಲ್ಲಿ ನನಗೆ ವಾದದಲ್ಲಿ ಗೆಲುವಿಲ್ಲ.


ಜನವರಿ ೨೬, ರವಿವಾರ

ಧ್ವಜಾರೋಹಣ ಮುಗಿಸಿ ನಲವತ್ತು ಕಿಲೋಮೀಟರ್! ಬರೆಯುವ ಕೈಯೂ ಕುಣಿಯುತ್ತಿದೆ.

ಹೊಸ ಉಪಾಯ ಹೂಡಿದ್ದೇನೆ. ಜೆಲ್ ಪಾಕೀಟು ಎಲ್ಲಾ ಬಿಟ್ಟೆ. ದಾರಿಯಲ್ಲಿ ಯಾರು ಕರೆದರೂ ಹೋಗುವುದು, ಏನು ಕೊಟ್ಟರೂ ತಿನ್ನುವುದು. ಗುಂಡವ್ವ ಏನು ಬಡಿಸುತ್ತಾರೋ ಗೊತ್ತಿಲ್ಲ, ಆದ್ದರಿಂದ ಹೊಟ್ಟೆಗೆ ಎಲ್ಲದರ ಪರಿಚಯ ಇರಬೇಕು. ಶುದ್ಧ ತಾಲೀಮು, ಬೇರೇನಿಲ್ಲ. ಕಾಲುವೆ ಗೇಟಿನ ಹತ್ತಿರ ಶಕೀಲಾಬಿಯ ಮನೆಯಲ್ಲಿ ಚಹಾ ಮತ್ತು ಖಾರಿ ಬಿಸ್ಕೀಟು. ಗುರಣ್ಣನ ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟ ಸೀತನಿ, ಬೆಂಕಿಯಿಂದ ತೆಗೆದು ಅಂಗೈಯಲ್ಲಿ ತಿಕ್ಕಿ ಕೊಟ್ಟದ್ದು, ಬೆಲ್ಲ, ಶೇಂಗಾ ಚಟ್ನಿ ಜೊತೆ. ಶೇವಂತೆವ್ವನ ಗುಡಿಸಲಿನಲ್ಲಿ ಜೋಳದ ನುಚ್ಚು, ಮಜ್ಜಿಗೆ. ಸೀತನಿಯನ್ನು ನಾನು ಇಷ್ಟು ವರ್ಷ ಎಲ್ಲಿ ಬಿಟ್ಟಿದ್ದೆ? ಗುರಣ್ಣನ ಹೆಂಡತಿ, “ಮುಂದಿನ ವಾರಾನೂ ಬರ್ರಿ ಅಕ್ಕೋರ, ಇನ್ನೂ ಎಳೆ ತೆನಿ ಅದಾವ” ಅಂದಳು. ಹೋಗುತ್ತೇನೆ. ತಾಲೀಮು ಅಂದ ಮೇಲೆ ತಪ್ಪಿಸಬಾರದು.

ನುಚ್ಚು ಮೂವತ್ತೆಂಟಕ್ಕೆ ಹೊರಗೆ ಬಂತು, ಪೂರ್ತಿ ಅಲ್ಲ, ಅರ್ಧ. ವಾಂತಿಯಾದರೆ ಏನು ಮಾಡಬೇಕು ಅಂತಲೂ ಈಗ ಗೊತ್ತು. ಹೆದರಬಾರದು. ಓಡುವುದು ಬಿಟ್ಟು ನಡೆಯಬೇಕು, ನೆತ್ತಿಗೆ ಒದ್ದೆ ವಸ್ತ್ರ ಹಾಕಬೇಕು, ಬಾಯಿ ಮುಕ್ಕಳಿಸಿ ಗುಟುಕು ಗುಟುಕಾಗಿ ಉಪ್ಪು ನಿಂಬೆ ನೀರು. ಹೊಟ್ಟೆ ಸಣ್ಣ ಕೂಸಿದ್ದ ಹಾಗೆ. ರಮಿಸಿದರೆ ಸುಮ್ಮನಾಗುತ್ತದೆ, ಬೈದರೆ ಇನ್ನೂ ಅಳುತ್ತದೆ.

ಖುಷಿಯಲ್ಲಿ ಪ್ರಜ್ಞಾಳಿಗೆ ಕೇಳಿದೆ: “ನಾಳೆ ನಿಮ್ಮ ಮನಿಗೂ ಬರ್ಲೇನು? ಅವ್ವನ ಕೈ ಅಡಗಿ ತಾಲೀಮಾಗ್ತದ.”

ಅವಳು ನಿಂತೇಬಿಟ್ಟಳು. “ನಮ್ಮ ಮನಿಗೆ ತಾಲೀಮ್ ಮಾಡಾಕ ಬರಬ್ಯಾಡ್ರಿ ಮೇಡಂ. ಉಣ್ಣಾಕ ಬರೂದಿದ್ರ ಬರ್ರಿ.”

ಎರಡಕ್ಕೂ ಏನು ಫರಕು ಅಂತ ಕೇಳುವಷ್ಟರಲ್ಲಿ ಅವಳು ಮುಂದೆ ಓಡಿಬಿಟ್ಟಿದ್ದಳು.


ಫೆಬ್ರವರಿ ೮, ಶನಿವಾರ, ಏಕಾದಶಿ

ಓಟದ ಹಿಂದಿನ ದಿನ ಹೊಟ್ಟೆ ತುಂಬ ಉಣ್ಣಬೇಕು ಅನ್ನುತ್ತದೆ ಶಾಸ್ತ್ರ, ಓಟದ ಶಾಸ್ತ್ರ. ಏನೂ ಉಣ್ಣಬಾರದು ಅನ್ನುತ್ತದೆ ನಮ್ಮ ಮನೆಯ ಶಾಸ್ತ್ರ. ಓಟದವರು ಪಂಚಾಂಗ ನೋಡಿ ದಿನ ಗೊತ್ತು ಮಾಡುವುದಿಲ್ಲ!

ಕೊನೆಗೆ ಅತ್ಯಾ ತಾವೇ ದಾರಿ ತೋರಿಸಿದರು. ಅನ್ನ ಇಲ್ಲ, ಸಾಬೂದಾಣಿ ಖಿಚಡಿ ಆಗುತ್ತದೆ. ಒಂದು ತಾಟು ತಿಂದೆ. ಇನ್ನೊಂದು ಹಾಕಿಸಿಕೊಂಡೆ. ಸಿಂದಗಿಯಿಂದ ಬಂದ ಇವರು ಮೂಲೆಯಲ್ಲಿ ಕೂತು, “ಏಕಾದಶಿ, ದುಪ್ಪಟ್ ಖಾಶಿ” ಅಂತ, ಉಪವಾಸದ ದಿನ ಎರಡು ಪಟ್ಟು ತಿನ್ನುವವರ ಮೇಲಿನ ಮರಾಠಿ ಗಾದೆ ಹಾಡಿದರು. ಮೂರನೇ ಸಲ ಅತ್ಯಾ ಕೇಳದೆಯೇ ಬಡಿಸಿದರು.

ಹೆದರಿಕೆಯಾಗಿದೆ. ಕಾಲಿನದಲ್ಲ. ಗುಂಡವ್ವನ ಮುಖದ್ದು.


ಫೆಬ್ರವರಿ ೧೦, ಸೋಮವಾರ

ರಜೆ ಹಾಕಿದ್ದೇನೆ. ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುತ್ತಿದ್ದೇನೆ. ಎಲ್ಲಾ ಬರೆಯಬೇಕು, ಒಂದೂ ಬಿಡುವುದಿಲ್ಲ.

ನಿನ್ನೆ ಇನ್ನೂ ಬೆಳಗಾಗುವ ಮೊದಲೇ ಓಟ ಶುರು. ಹಿನ್ನೀರಿನ ದಂಡೆಯ ಮೇಲೆ ತಣ್ಣನೆ ಗಾಳಿ, ಪೂರ್ವಕ್ಕೆ ಕೆಂಪು. ಮೊದಲ ಇಪ್ಪತ್ತು ಕಿಲೋಮೀಟರ್ ನಾನು ಹಾಡುತ್ತ ಓಡಿದೆ. ಪ್ರಜ್ಞಾ, “ಉಸರ ಉಳಸಿಕೋರಿ ಮೇಡಂ” ಅಂತ ಗದರಿಸಿದಳು. ಇಪ್ಪತ್ತೊಂದಕ್ಕೆ ಸಾಬೂದಾಣಿ ಹೊರಗೆ ಬಂತು. ಒಂದು ಕಾಳೂ ಒಡೆದಿರಲಿಲ್ಲ, ಮುತ್ತಿನ ಹಾಗೆ ಹಾಗೇ ಇತ್ತು. ಎರಡನೇ ಸಲ ವಾಂತಿಯಾದದ್ದು ಗುಡ್ಡದ ಏರಿನಲ್ಲಿ. ಆಮೇಲೆ ಭೇದಿ, ತೊಗರಿ ಹೊಲದಲ್ಲಿ. ತೊಗರಿ ಕೊಯ್ದು ಹೊಲ ಬೋಳಾಗಿತ್ತು, ಮರೆಯೇ ಇಲ್ಲ. ಪ್ರಜ್ಞಾ ತನ್ನ ಜಾಕೀಟು ಬಿಚ್ಚಿ ಪರದೆ ಹಿಡಿದು ನಿಂತಳು. ದೂರದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ತಾನಾಗಿಯೇ ಆ ಕಡೆ ತಿರುಗಿ ಕೂತ. ಅವನ ಹೊಲದಲ್ಲಿ ಬಂಗಾರ ಬೆಳೆಯಲಿ.

“ಓಡಬ್ಯಾಡ್ರಿ, ನಡೀರಿ. ಗುಟುಕ ಹಾಕ್ರಿ. ಇನ್ನೊಂದ ಗುಟುಕ” ಅನ್ನುತ್ತ ಪ್ರಜ್ಞಾ ಕಲ್ಲು ಹಾದಿಯುದ್ದಕ್ಕೂ ನನ್ನನ್ನು ನಡೆಸಿದಳು. ನಾಲ್ಕು ಜೋಡಿ ನಮ್ಮನ್ನು ದಾಟಿ ಹೋದವು, ಆಮೇಲೆ ಇನ್ನೆರಡು. ಅವಳು ಒಮ್ಮೆಯೂ ಗಡಿಯಾರ ನೋಡಲಿಲ್ಲ. ನಲವತ್ತೈದರ ಹತ್ತಿರ ಮೂರನೇ ವಾಂತಿ, ಬರೀ ನಿಂಬೆ ನೀರು.

ಪ್ರಜ್ಞಾಳ ಊರಿನ ನೀರಿನ ಟಾಕಿ ಕಂಡಿತು. “ಪ್ರಜ್ಞಾ, ನನ್ನ ಹೊಟ್ಟಿ...” ಅಂದೆ. ಅವಳು ತಿರುಗಿ ನೋಡಿದಳು. “ಏನಿಲ್ಲ, ನಡಿ” ಅಂದೆ.

ಶಾಲೆ ಮುಂದಿನ ಬೇವಿನ ಗಿಡದ ಕೆಳಗೆ ಊರೇ ನೆರೆದಿತ್ತು. ಶಾಲೆಯ ಬೆಂಚುಗಳ ಮೇಲೆ ರೊಟ್ಟಿ, ಪಲ್ಯ, ಅನ್ನ, ಗೋಧಿ ಬೆಲ್ಲದ ಮಾದಲಿ. ಗುಂಡವ್ವ ಇಳಕಲ್ ಸೀರೆ ಉಟ್ಟು ನಿಂತಿದ್ದರು. ನನ್ನನ್ನು ನೋಡಿದವರೇ ಮುಂದೆ ಬಂದರು.

“ಬರ್ರಿ ಬಾಯಾರ. ನಿಮಗಂತ ಬ್ಯಾರೇನ ಮಾಡೇನ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಏನೂ ಹಾಕಿಲ್ಲ. ಹೊಸಾ ಪಾತೇಲಿ ತಂದು ಅದರಾಗ ಮಾಡೇನಿ. ಯಾರೂ ಮುಟ್ಟಿಲ್ರಿ.”

ಯಾರೂ ಮುಟ್ಟಿಲ್ರಿ! ಎಷ್ಟು ಸಹಜವಾಗಿ ಅಂದರು ಆಕೆ. ನನಗೆ ಮೈಯೆಲ್ಲ ನಾಚಿಕೆಯಾಯಿತು. ಕಳ್ಳಿಯ ಹಿಂದೆಯೂ, ಬೋಳು ಹೊಲದಲ್ಲಿಯೂ ಇಷ್ಟು ನಾಚಿಕೆಯಾಗಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಬೆವರು ಅಂತ ಒರೆಸಿಕೊಂಡೆ.

“ಗುಂಡವ್ವಾ, ಮುಂಜಾನಿಂದ ಮೂರು ಸಲ ಕಕ್ಕೀನಿ. ಇದನ್ನೂ ಕಕ್ಕಬಹುದು. ಆದರೂ ಉಣ್ತೀನಿ, ಹಾಕ್ರಿ” ಅಂದೆ.

ಆಕೆ ಪಾತೇಲಿಗೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. ಪ್ರಜ್ಞಾ ಆಗಲೇ ನೆಲದ ಮೇಲೆ ಕೂತು ಗಂಗಾಳದಲ್ಲಿ ರೊಟ್ಟಿ ಮುರಿದು ಪಲ್ಯ ಹಚ್ಚಿ ತಿನ್ನುತ್ತಿದ್ದಳು. ನಾನು ಅವಳ ಪಕ್ಕ ಕೂತು ಅವಳ ಗಂಗಾಳಕ್ಕೇ ಕೈ ಹಾಕಿದೆ. ಹೊತ್ತು ಹೋಗುತ್ತಿತ್ತು, ಅದಕ್ಕೇ. ಗಂಟು ಬಿಚ್ಚುವ ತನಕ ಯಾರು ಕಾಯುತ್ತಾರೆ? ಪಲ್ಯದಲ್ಲಿ ಬಳ್ಳೊಳ್ಳಿ ಗಮ್ಮಂತಿತ್ತು. ಎರಡು ತುತ್ತು, ಮೂರು ತುತ್ತು ಇಳಿಯಿತು. ತಲೆ ಎತ್ತಿದರೆ ಗುಂಡವ್ವ ಬಿಚ್ಚಿದ ಬಟ್ಟೆ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದರು. ಪ್ರಜ್ಞಾ ಕೂಡ ಅಗಿಯುವುದನ್ನು ನಿಲ್ಲಿಸಿದ್ದಳು. ಏನಾಯಿತು ಇವರಿಗೆ ಅಂದುಕೊಳ್ಳುವಷ್ಟರಲ್ಲಿ ನನಗೇ ಆಯಿತು.

ಬೇವಿನ ಗಿಡದವರೆಗೂ ಹೋಗಲಾಗಲಿಲ್ಲ. ಎದುರಿಗೇ ನಿಂತಿದ್ದ ಯಂಕಪ್ಪನವರ ಹೊಸ ಚಪ್ಪಲಿಯ ಮೇಲೆ ಎಲ್ಲಾ ಬಂತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಇರಲಿ ಬಿಡ್ರಿ ಬಾಯಾರ” ಅಂದರು ಯಂಕಪ್ಪ, ಕಾಲು ಅಲುಗಿಸದೆ. “ಹೆಂಗೂ ಕಡಿಯಾಕತ್ತಿದ್ವು.”

ಮೊದಲು ನಕ್ಕವಳು ಪ್ರಜ್ಞಾ. ನಗುತ್ತ ನಗುತ್ತ ನೆಲಕ್ಕೆ ಮಲಗಿಬಿಟ್ಟಳು. “ಯವ್ವಾ, ಇವತ್ತ ಖರೇ ಐತಿ ಯವ್ವಾ! ಇವತ್ತ ಖರೇನ ಕೆಟ್ಟೈತಿ!” ಊರಿಗೆ ಊರೇ ನಕ್ಕಿತು. ನಾನೂ ನಗತೊಡಗಿದೆ, ನಗುತ್ತಲೇ ಮತ್ತೆ ಕಕ್ಕಿದೆ. ಗುಂಡವ್ವ ಬಂದು ಒಂದು ಕೈಯಿಂದ ನನ್ನ ಹಣೆ ಹಿಡಿದು, ಇನ್ನೊಂದರಿಂದ ಬೆನ್ನು ತೀಡಿದರು. “ಉಗುಳವ್ವಾ, ಎಲ್ಲಾ ಉಗುಳು. ಹೊಟ್ಟಿ ಹಗರಾಗಲಿ.” ಸೆರಗಿನಿಂದ ಬಾಯಿ ಒರೆಸಿದರು. ಹಣೆಯ ಮೇಲಿನ ಆ ಕೈ ಎಷ್ಟು ತಂಪಾಗಿತ್ತು! ಇನ್ನೂ ಅಲ್ಲೇ ಇದ್ದ ಹಾಗಿದೆ.

ಸ್ವಲ್ಪ ಹೊತ್ತು ಗಿಡಕ್ಕೆ ಒರಗಿ ಕೂತೆ. ಗುಂಡವ್ವ ಕೇಳಿದರು: “ಹಾಕ್ಲೇನು ಮತ್ತ?”

“ಹಾಕ್ರಿ.”

ಮೆತ್ತನೆ ಅನ್ನ, ತೆಳು ಮಜ್ಜಿಗೆ, ಚಿಟಿಕೆ ಉಪ್ಪು. ಹೊಸ ಪಾತೇಲಿಯದೋ ಹಳೆಯದೋ ನೋಡಲಿಲ್ಲ. ಸಣ್ಣ ಸಣ್ಣ ತುತ್ತು, ತುತ್ತಿಗೊಮ್ಮೆ ಕಾದೆ. ಅಲ್ಲೇ ನಿಂತಿತು. ಕೊನೆಗೆ ಒಂದು ಹಿಡಿ ಮಾದಲಿಯೂ ಹೋಯಿತು. ಎದ್ದು ನಿಂತಾಗ ಕಾಲು ನನ್ನವೇ ಇದ್ದವು.

ಉಳಿದ ದಾರಿ ಹಾರಿದ ಹಾಗೆ ಅಂತ ಬರೆದರೆ ಸುಳ್ಳು, ಕುಂಟಿದೆವು. ಆದರೆ ಬಾಯಿ ಒಂದು ಕ್ಷಣ ಸುಮ್ಮನಿರಲಿಲ್ಲ. ಚಪ್ಪಲಿ ಅಂತ ಒಬ್ಬಳು ಅಂದರೆ ಸಾಕು, ಇಬ್ಬರಿಗೂ ಪಕ್ಕೆ ಹಿಡಿಯುವಷ್ಟು ನಗು. ಮುಗಿಯುವ ಜಾಗ ಕಂಡಾಗ ಕತ್ತಲಾಗಿತ್ತು. ಓಟದ ಗಡುವು ಇನ್ನೂ ಮುಗಿದಿರಲಿಲ್ಲ, ಆದರೆ ಇನ್ನು ಯಾರೂ ಬರುವುದಿಲ್ಲ ಅಂದುಕೊಂಡು ಓಟ ನಡೆಸುವ ಸಂಘದವರು ಗಾಳಿ ತುಂಬಿದ ಕಮಾನಿನ ಗಾಳಿ ಬಿಡುತ್ತಿದ್ದರು. ನಮ್ಮನ್ನು ನೋಡಿ ಓಡಿ ಹೋಗಿ ಮತ್ತೆ ಪಂಪು ಹಚ್ಚಿದರು. ಅದು ಮುಲುಗುತ್ತ ಅರ್ಧಕ್ಕೆ ಎದ್ದಿತು.

“ಅಕ್ಕಾ, ಬಗ್ಗ! ತಲಿ ತಾಗ್ತೈತಿ!” ಅಂತ ಪ್ರಜ್ಞಾ ನನ್ನ ಕುತ್ತಿಗೆ ಹಿಡಿದು ಬಗ್ಗಿಸಿದಳು. ಹಾಗೇ ಇಬ್ಬರೂ ಗೂನು ಬೆನ್ನು ಮಾಡಿಕೊಂಡು, ಕೈ ಕೈ ಹಿಡಿದು, ಎಲ್ಲರಿಗಿಂತ ಕೊನೆಯವರಾಗಿ ದಾಟಿದೆವು.

ಪದಕ ಅಡುಗೆಮನೆಯ ಮೊಳೆಗೆ ಹಾಕಿದ್ದೇನೆ.


ಫೆಬ್ರವರಿ ೧೯, ಬುಧವಾರ

ಬರುವ ರವಿವಾರ ಗುಂಡವ್ವ, ಯಂಕಪ್ಪ, ಪ್ರಜ್ಞಾ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಹೋಗಿ ಕರೆದು ಬಂದೆ, ಬಂದ ಮೇಲೆ ಮನೆಯಲ್ಲಿ ಹೇಳಿದೆ. ಯಂಕಪ್ಪನವರಿಗೆ ಹೊಸ ಚಪ್ಪಲಿಯೂ ಒಯ್ದಿದ್ದೆ. ಇವೂ ಕಡಿಯುತ್ತವಂತೆ.

ಅತ್ಯಾ ಹೂಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಲಿಲ್ಲ. “ಎಲ್ಲೆ ಕೂಡಸ್ತಿ ಅವರನ್ನ?”

“ಎಲ್ಲಾರೂ ಕೂಡೂವಲ್ಲೇ. ಒಳಗ, ನಮ್ಮ ಸಾಲಿನಾಗ.”

“ರವಿವಾರ ನನಗ ಉಪವಾಸ ಅದ.”

ಗೂಟದ ಮೇಲಿನ ಪಂಚಾಂಗ ತೆಗೆದು ನೋಡಿದೆ. “ಏಕಾದಶಿ ಸೋಮವಾರ ಅದ ಅತ್ಯಾ. ರವಿವಾರ ದಶಮಿ.”

“ಈ ಸಲ ಒಂದು ದಿನ ಮೊದಲ ಹಿಡೀತೀನಿ.”

“ಹಂಗಾದ್ರ ಛಲೋನ ಆತು” ಅಂದೆ. “ಉಣ್ಣೋರು ನಾವು ಕೂಡ್ತೀವಿ. ಉಪವಾಸ ಇದ್ದೋರು ನೀವು ಬಡಸ್ರಿ.”

ಹೂಬತ್ತಿ ಅವರ ಬೆರಳಲ್ಲೇ ಉಳಿಯಿತು. ನಾನು ಪೇಪರ್ ತಿದ್ದಲು ಕೂತೆ. ಯಾರೋ ಒಬ್ಬ ಹುಡುಗನ ಪೂರ್ತಿ ತಪ್ಪಿದ ಲೆಕ್ಕಕ್ಕೆ ಪೂರ್ತಿ ಅಂಕ ಕೊಟ್ಟುಬಿಟ್ಟಿದ್ದೆ, ಆಮೇಲೆ ನೋಡಿಕೊಂಡು ಹೊಡೆದು ಹಾಕಿದೆ.

ಸಂಜೆ ದೇವರಿಗೆ ದೀಪ ಹಚ್ಚಿ ಬಂದ ಅತ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತರು. ನನ್ನ ಕಡೆ ನೋಡದೆ, ಒಲೆಯ ಕಡೆ ನೋಡುತ್ತ ಕೇಳಿದರು:

“ಆ ಗುಂಡವ್ವಗ ಖಾರ ಎಷ್ಟು ಬೇಕಾಗ್ತದ?”